ಹಳೆಯ ಜೀಪಿನ ಮಿಸ್ಸಿಂಗು: ಮೊದಲು ಪರೀಕ್ಷೆ, ಅನಂತರ ಖರ್ಚು

ಎತ್ತು ಕುಂಟಿದರೆ ರೈತನು ಮೊದಲು ಅದರ ಗೊರಸನ್ನೆತ್ತಿ, ಮುಳ್ಳೋ ಕಲ್ಲೋ ನಟ್ಟಿರುವುದೇ ಎಂದು ನೋಡುವನು. ನಾಲ್ಕು ಕಾಲಿಗೂ ಹೊಸ ಲಾಳ ಕಟ್ಟಿಸಲು ಹೊರಡುವುದಿಲ್ಲ. ಒಡನೆಯೇ ಸಂತೆಗೆ ಹೊಡೆದುಕೊಂಡು ಹೋಗುವುದೂ ಇಲ್ಲ. ಹಳೆಯ ಪೆಟ್ರೋಲ್ ಜೀಪಿನ ವಿಷಯದಲ್ಲಿ ಮಾತ್ರ ಈ ವಿವೇಕವು ಅಪರೂಪವಾಗಿರುವುದು. ಎಂಜಿನು ಮಿಸ್ಸಿಂಗ್ ಹೊಡೆಯಿತೆಂದೊಡನೆ ಪ್ಲಗ್ಗು, ಕಾಯಿಲು, ಕಾರ್ಬುರೇಟರುಗಳನ್ನು ಒಟ್ಟಿಗೆ ಬದಲಾಯಿಸುವುದು, ಗುಣ ಕಾಣದಿದ್ದರೆ ಗಾಡಿಯನ್ನು ಗುಜರಿಗೆ ಹಾಕುವುದು, ಇದು ಅನೇಕರ ವಾಡಿಕೆ. ಈ ವಾಡಿಕೆಯನ್ನು ಬಿಡತಕ್ಕದ್ದು.

ದೋಷವನ್ನು ಸಹಿಸಿಕೊಂಡು ಓಡಿಸುವುದೂ ಹಿತವಲ್ಲ. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಕೆಳಗಿಳಿದು, ಎಂಜಿನ್ ಎಣ್ಣೆಯನ್ನೇ ತೆಳುಮಾಡುವುದು, ಸವೆತವು ಹೆಚ್ಚುವುದು. ಮಳೆಗಾಲದ ರಾತ್ರಿಯಲ್ಲಿ ರೋಗಿಯನ್ನು ಕೂರಿಸಿಕೊಂಡು ಘಟ್ಟವನ್ನು ಏರಬೇಕಾದಾಗ, ನಾಲ್ಕು ಸಿಲಿಂಡರುಗಳಲ್ಲಿ ಒಂದು ಸುಮ್ಮನಿದ್ದರೆ ಆಗುವ ನಷ್ಟವು ಕೇವಲ ಹಣದ್ದಲ್ಲ.

ಎಂಜಿನಿಗೆ ಬೇಕಾದುವು ಮೂರು: ಸಕಾಲದಲ್ಲಿ ಕಿಡಿ, ತಕ್ಕ ಪ್ರಮಾಣದ ಗಾಳಿ ಮತ್ತು ಪೆಟ್ರೋಲು, ಸಿಲಿಂಡರಿನೊಳಗೆ ಒತ್ತಡ. ಪರೀಕ್ಷೆಯನ್ನೂ ಈ ಕ್ರಮದಲ್ಲಿಯೇ ನಡೆಸುವುದು ಲೇಸು.

ಮೊದಲು ತಪ್ಪುತ್ತಿರುವ ಸಿಲಿಂಡರನ್ನು ಕಂಡುಹಿಡಿಯಬೇಕು. ಎಂಜಿನನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ತಂತಿಯನ್ನು ಬಿಡಿಸಿ, ಅದರ ತುದಿಯನ್ನು ಎಂಜಿನಿನ ಲೋಹಕ್ಕೆ ತಾಗಿಸಿ ಕಟ್ಟಿ, ಮತ್ತೆ ಚಾಲೂ ಮಾಡತಕ್ಕದ್ದು. ಓಟವು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ದುಡಿಯುತ್ತಿತ್ತೆಂದೂ, ಏನೂ ವ್ಯತ್ಯಾಸವಾಗದಿದ್ದರೆ ಅದೇ ಸೋಮಾರಿಯೆಂದೂ ತಿಳಿಯಬಹುದು. ಬಳಿಕ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದರೊಡನೆ ಅದಲುಬದಲು ಮಾಡಬೇಕು. ದೋಷವೂ ಜೊತೆಯಲ್ಲಿ ಹೋದರೆ ಪ್ಲಗ್ಗು ಕೆಟ್ಟಿದೆ. ಅಲ್ಲಿಯೇ ಉಳಿದರೆ ತಂತಿಯನ್ನೂ ಒತ್ತಡವನ್ನೂ ಶೋಧಿಸಬೇಕು. ಇದಕ್ಕೆ ಕಾಸೂ ಖರ್ಚಿಲ್ಲ.

ಪ್ಲಗ್ಗಿನ ತುದಿಯೇ ಅರ್ಧ ಸಾಕ್ಷಿಯನ್ನು ಹೇಳುವುದು. ತಿಳಿಗಂದು ಬಣ್ಣವು ಆರೋಗ್ಯದ ಗುರುತು. ಒಣ ಕಪ್ಪುಮಸಿಯು ಪೆಟ್ರೋಲು ಹೆಚ್ಚಾದುದನ್ನೂ, ಎಣ್ಣೆಯ ಜಿಡ್ಡು ರಿಂಗು ಅಥವಾ ವಾಲ್ವ್ ಗೈಡು ಸವೆದುದನ್ನೂ ಸೂಚಿಸುವುದು. ಪೆಟ್ರೋಲಿನಿಂದ ತೊಯ್ದಿದ್ದರೆ ಕಿಡಿ ಹಾರಿಲ್ಲವೆಂದು ಊಹಿಸಬಹುದು. ಹೀಗಿರುವಾಗ ಕಾರಣವನ್ನು ಬಿಟ್ಟು ಪ್ಲಗ್ಗನ್ನಷ್ಟೇ ಬದಲಾಯಿಸಿದರೆ ಹೊಸದೂ ಕೆಲವು ದಿನಗಳಲ್ಲಿ ಹಳೆಯದರಂತೆಯೇ ಆಗುವುದು.

ಒಂದೇ ಸಿಲಿಂಡರಲ್ಲದೆ ಎಲ್ಲವೂ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದ್ದರೆ, ಎಲ್ಲಕ್ಕೂ ಸಾಮಾನ್ಯವಾದ ಪಾಯಿಂಟು, ಕಂಡೆನ್ಸರು, ಕಾಯಿಲು, ರೋಟರುಗಳನ್ನು ನೋಡತಕ್ಕದ್ದು. ಹಳೆಯ ವಿಲ್ಲೀಸ್ ಜೀಪಿನ ನಾಲ್ಕು ಸಿಲಿಂಡರಿನ ಎಂಜಿನಿಗೆ ಪಾಯಿಂಟಿನ ಅಂತರವು 20 ಥೌ, ಅಂದರೆ ಸುಮಾರು ಅರ್ಧ ಮಿಲ್ಲಿಮೀಟರು. ಪ್ಲಗ್ಗಿನದು 30 ಥೌ. ಕಿಡಿಯ ಸರದಿಯು 1, 3, 4, 2. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವವಿದ್ದರೆ ಒಣ ಬಟ್ಟೆಯಿಂದ ಒರೆಸಬೇಕು; ಕೂದಲೆಳೆಯಂಥ ಕಪ್ಪು ಬಿರುಕಿದ್ದರೆ ಮುಚ್ಚಳವನ್ನೇ ಬದಲಾಯಿಸಬೇಕು. ಕತ್ತಲಲ್ಲಿ ಎಂಜಿನನ್ನು ಓಡಿಸಿದರೆ ಸೀಳಿದ ತಂತಿಗಳಿಂದ ಸೋರುವ ಕಿಡಿಯು ಕಣ್ಣಿಗೇ ಕಾಣುವುದು. ಆಗ ಕೈ ಮಾತ್ರ ಹಾಕಲಾಗದು.

ಕಿಡಿಯು ಸರಿಯಿದ್ದರೆ ಪೆಟ್ರೋಲಿನ ಸರದಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಬೆರೆತಿರುವುದು. ಅದು ನೀರನ್ನು ಹೀರಿಕೊಳ್ಳುವುದು; ಹಳೆಯ ಕಾಲದ ರಬ್ಬರು ಕೊಳವೆಗಳನ್ನು ಕೆಡಿಸುವುದು. ಆದುದರಿಂದ ಕೊಳವೆ, ಫಿಲ್ಟರುಗಳನ್ನು ನೋಡದೆ ಕಾರ್ಬುರೇಟರನ್ನು ದೂರುವುದು ನ್ಯಾಯವಲ್ಲ. ಕೊನೆಗೆ ಒತ್ತಡವನ್ನು ಅಳೆಯಿಸಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡವು ಒಟ್ಟಿಗೆ ಕುಗ್ಗಿದ್ದರೆ, ನಡುವೆ ಹೆಡ್ ಗ್ಯಾಸ್ಕೆಟ್ಟು ಸುಟ್ಟಿರುವ ಸಂಭವವುಂಟು. ಅಲ್ಲಿಂದಾಚೆಗಿನದು ನುರಿತ ಮೆಕ್ಯಾನಿಕನ ಕೆಲಸ.

ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿದರೆ ಕೂಲಿ ಉಳಿಯುವುದೆಂದು ಕೆಲವರು ವಾದಿಸುವರು. ಆದರೆ ಗುಣವಾದುದು ಯಾವುದರಿಂದ ಎಂಬುದೇ ಆಗ ತಿಳಿಯದು. ಹೊಸ ಭಾಗದಲ್ಲಿಯೇ ದೋಷವಿದ್ದರೆ ಗೊಂದಲವು ಇಮ್ಮಡಿಯಾಗುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲವನ್ನು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡುವುದು, ಇವೆರಡು ನಿಯಮಗಳನ್ನು ಯಜಮಾನರು ಪಾಲಿಸಿದರೆ ಹಳೆಯ ಜೀಪು ಇನ್ನೂ ಅನೇಕ ಮಳೆಗಾಲಗಳನ್ನು ಕಂಡೀತು.