ಖಾಲಿ ತೋಟಾ ತುಂಬಿದರೆ ಕಿಸೆ ತುಂಬೀತೇ?

ಅಮೆರಿಕದ ಬೇಟೆಗಾರರಲ್ಲಿ ಒಂದು ಹಳೆಯ ನಂಬಿಕೆಯಿದೆ: ರೈಫಲ್ಲಿನ ತೋಟಾಗಳನ್ನು ಮನೆಯಲ್ಲೇ ಮರುತುಂಬಿಕೊಂಡರೆ ದುಡ್ಡು ಉಳಿಯುತ್ತದೆ. ಬೇಟೆಗೇ ನಿಷೇಧವಿರುವ ದೇಶದಲ್ಲಿ ಕೂತ ನಮಗೇಕೆ ಈ ಉಸಾಬರಿ ಅಂದೀರಿ. ಅನುವಾದದ ಕೆಲಸದಲ್ಲಿ ಬೇಟೆಯ ಬರಹಗಳು ಕೈಗೆ ಬಂದಾಗಲೆಲ್ಲ ಈ ಮಾತು ಎದುರಾಗುತ್ತದೆ. ಇದರ ತಪ್ಪು ಲೆಕ್ಕಕ್ಕೆ ಬೆಲೆ ತೆರುವುದು ಬೇಟೆಗಾರನಲ್ಲ, ಜಿಂಕೆ. ಅದಕ್ಕೇ ಈ ತಕರಾರು.

ಮೊದಲು ಪದ ಬಿಡಿಸಿಕೊಳ್ಳೋಣ. ನಾವು ಸಿನಿಮಾ ನೋಡಿ 'ಬುಲೆಟ್' ಅನ್ನುವುದು ಇಡೀ ತೋಟಾವನ್ನು. ಅದರಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕವಚ, ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಮೂರು ಖರ್ಚಾಗಿ ಹಿತ್ತಾಳೆ ಮಾತ್ರ ಉಳಿಯುತ್ತದೆ. ಅದನ್ನು ಮತ್ತೆ ಅಳತೆಗೆ ಒತ್ತಿ, ಉಳಿದ ಮೂರನ್ನು ಹೊಸದಾಗಿ ಹಾಕುವುದೇ ಮರುತುಂಬುವಿಕೆ. ದುಬಾರಿ ಹಿತ್ತಾಳೆ ಮತ್ತೆ ಮತ್ತೆ ಬಳಕೆಗೆ ಬರುವುದರಿಂದ ತೋಟಾ ಒಂದರ ಖರ್ಚು ಇಳಿಯುವುದು ನಿಜ.

ಆದರೆ ಎಷ್ಟು ತೋಟಾ? ವರ್ಷಕ್ಕೆ ಒಂದು ಪೆಟ್ಟಿಗೆ, ಅಂದರೆ 20 ತೋಟಾ ಹಾರಿಸುವವನನ್ನು ತೆಗೆದುಕೊಳ್ಳಿ. ಒಂದು ಪೌಂಡ್ ಮದ್ದಿನಲ್ಲಿ 7000 ಗ್ರೇನ್. ತೋಟಾಕ್ಕೆ ಸುಮಾರು 50 ಗ್ರೇನ್ ಅಂದರೂ ಒಂದೇ ಡಬ್ಬಿ ಏಳು ವರ್ಷ ಬರುತ್ತದೆ. ಸಾವಿರ ಕೇಪುಗಳ ಪೆಟ್ಟಿಗೆ ಐವತ್ತು ವರ್ಷ! ಇನ್ನು ಒತ್ತುಯಂತ, ಅಚ್ಚು, ತಕ್ಕಡಿಗಳಿಗೆ ಸುರಿದ ನೂರಾರು ಡಾಲರ್ ಮೊಮ್ಮಕ್ಕಳ ಕಾಲಕ್ಕೆ ಹುಟ್ಟೀತು. ಇದನ್ನು ಉಳಿತಾಯ ಅನ್ನುವುದು ಹೇಗೆ?

ಎರಡನೆಯ ವಾದ, ಗುಣಮಟ್ಟ. ಒಂದು ಕಾಲಕ್ಕೆ ಇದರಲ್ಲಿ ತೂಕವಿತ್ತು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋದ ಜಾನ್ ನಾಸ್ಲರ್, ತನ್ನ ಗುಂಡುಗಳು ಆ ದೈತ್ಯ ಪ್ರಾಣಿಯ ಮೇಲೆ ಕೈಕೊಟ್ಟದ್ದರಿಂದಲೇ ನಡುವೆ ಗೋಡೆಯಿರುವ ಹೊಸ ಗುಂಡು ರೂಪಿಸಿದ. ಅಂಥ ಗುಂಡು ಬೇಕಿದ್ದರೆ ಆಗ ಸ್ವತಃ ತುಂಬಿಕೊಳ್ಳಬೇಕಿತ್ತು. ಇಂದು ಅದೇ ಗುಂಡಿನ ತೋಟಾ ಕಾರ್ಖಾನೆಯಿಂದಲೇ ಬರುತ್ತದೆ. ಮನೆಯ ತೋಟಾ ಇನ್ನೂ ನಿಖರ ಅನ್ನುತ್ತೀರಾ? ಜಿಂಕೆಯ ಮರ್ಮಭಾಗ ಸುಮಾರು ಎಂಟು ಇಂಚು ಅಗಲ. ನೂರು ಗಜ ದೂರದಲ್ಲಿ ಅರ್ಧ ಇಂಚಿನ ವ್ಯತ್ಯಾಸ ಅಲ್ಲಿ ಲೆಕ್ಕಕ್ಕೇ ಬಾರದು. ನಡುಗುವ ಕೈ ಲೆಕ್ಕಕ್ಕೆ ಬರುತ್ತದೆ.

'ನಿಮ್ಮ ಸಮಯಕ್ಕೂ ಬೆಲೆ ಕಟ್ಟಿ' ಅನ್ನುವ ವಿರೋಧಿಗಳ ಮಾತನ್ನೂ ನಾನು ಒಪ್ಪಲಾರೆ. ಪದಕ್ಕಿಷ್ಟು ಎಂದು ದುಡಿಯುವ ನನಗೆ ಗೊತ್ತು: ಸಂಜೆಯ ಎಲ್ಲ ಗಂಟೆಗಳಿಗೂ ಕೊಳ್ಳುವವರಿರುವುದಿಲ್ಲ. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಕೂಲಿ ಹಿಡಿಯುವುದು ಮೂರ್ಖತನ.

ಹಾಗಾದರೆ ಮರುತುಂಬುವುದು ಯಾವಾಗ ಸಾರ್ಥಕ? ಅಂಗಡಿಯಲ್ಲಿ ಸಿಗದ ಹಳೆಯ ಅಳತೆಯ ರೈಫಲ್ ಇದ್ದಾಗ. ಅದಕ್ಕಿಂತ ಮುಖ್ಯವಾಗಿ, ಅಗ್ಗವಾದ ತೋಟಾ ಅಭ್ಯಾಸಕ್ಕೆ ಹೋದಾಗ. ಹೀಗೆ ಮಾಡುವವನ ಒಟ್ಟು ಖರ್ಚು ತಗ್ಗುವುದಿಲ್ಲ. ಅದೇ ದುಡ್ಡಿಗೆ ಅವನು ಹೆಚ್ಚು ಗುಂಡು ಹಾರಿಸುತ್ತಾನೆ. ಕೈ ಪಳಗುತ್ತದೆ. ಎಲ್ಲಿಂದ ಹಾರಿಸಬಾರದು ಎಂಬುದೂ ತಿಳಿಯುತ್ತದೆ. ಲಾಭ ಇರುವುದು ಅಲ್ಲಿ.

ವರ್ಷಕ್ಕೆ ಇಪ್ಪತ್ತೇ ಗುಂಡು ಹಾರಿಸುವವನು ಅಂಗಡಿಯ ತೋಟಾ ಕೊಳ್ಳಲಿ, ಯಂತ್ರದ ದುಡ್ಡಿನಲ್ಲಿ ಇನ್ನೂ ಹತ್ತು ಪೆಟ್ಟಿಗೆ ಕೊಂಡು ಗುರಿ ಕಲಿಯಲಿ. ಹೊಟ್ಟೆಗೆ ಗುಂಡು ತಗುಲಿ ಪೊದೆ ಸೇರಿ ನರಳುವ ಜಿಂಕೆಗೆ ತೋಟಾ ಅಂಗಡಿಯದಾದರೇನು, ಮನೆಯದಾದರೇನು?