ಬಣ್ಣದ ಐಸು, ಕುದಿಸಿದ ನೀರು

ಹರಿಹರದ ಬಿಸಿಲು ನಿಮಗೆ ಗೊತ್ತೇ ಇದೆ, ಸೋದರಿಯರೇ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಏಪ್ರಿಲ್ ಬಂತೆಂದರೆ ಮಕ್ಕಳದು ತಣ್ಣನೆಯದಕ್ಕೇ ಹಟ. ಶರಬತ್ತಿಗೆ ಬರೀ ಐಸು ಹಾಕಿದರೆ ಕರಗುತ್ತ ಕರಗುತ್ತ ಸಪ್ಪೆಯಾಗುತ್ತದಲ್ಲ? ಹಣ್ಣಿನ ರಸವನ್ನೇ ಐಸು ಮಾಡಿಬಿಡಿ.

ಕಲ್ಲಂಗಡಿ ತಿರುಳಿನ ಬೀಜ ತೆಗೆದು ಕಿವುಚಿ ಸೋಸಿದರೆ ಕೆಂಪು. ಮಾವಿನ ರಸಕ್ಕೆ ಅರ್ಧದಷ್ಟು ನೀರು ಬೆರೆಸಿದರೆ ಹಳದಿ. ಕಪ್ಪು ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು, ಸ್ವಲ್ಪ ನೀರಲ್ಲಿ ಬೇಯಿಸಿ ಸೋಸಿದರೆ ಸೊಗಸಾದ ನೇರಳೆ. ಅಂಗಡಿಯ ಬಣ್ಣದ ಪುಡಿ ಯಾಕೆ ಬೇಕು ಹೇಳಿ! ಸಕ್ಕರೆ ಮಾತ್ರ ಕಡಿಮೆ ಇರಲಿ, ಹೆಚ್ಚಾದರೆ ಗಟ್ಟಿ ಕಟ್ಟುವುದಿಲ್ಲ. ಐಸು ಉಬ್ಬುವುದರಿಂದ ಟ್ರೇಯನ್ನು ಪೂರ್ತಿ ತುಂಬಬೇಡಿ.

ಇನ್ನು ನೀರಿನ ಮಾತು. ಐಸಾದರೆ ಕ್ರಿಮಿಗಳು ಸಾಯುತ್ತವೆ ಅಂತ ಎಷ್ಟೋ ಜನ ನಂಬಿದ್ದಾರೆ. ಇಲ್ಲಮ್ಮ, ಎಷ್ಟೋ ಕ್ರಿಮಿಗಳು ಅದರೊಳಗೇ ಬದುಕಿದ್ದು, ಕರಗಿದ ಮೇಲೆ ಹೊಟ್ಟೆ ಸೇರುತ್ತವೆ; ವಾಂತಿ-ಭೇದಿ ಶುರುವಾಗುವುದು ಹೀಗೂ ಉಂಟು. ಬೆರೆಸುವ ನೀರು ಕೊತಕೊತ ಕುದಿಸಿ ಆರಿಸಿದ್ದೇ ಆಗಬೇಕು. ಕರೆಂಟು ಹೋಗಿ ಕರಗಿದ್ದನ್ನು ಮತ್ತೆ ಕಟ್ಟಲು ಇಡಬೇಡಿ. ಪುಟ್ಟ ಮಕ್ಕಳಿಗೆ ಇಡೀ ತುಂಡು ಕೊಡದೆ ಕುಟ್ಟಿ ಪುಡಿ ಮಾಡಿ ಹಾಕಿ, ಗಂಟಲಲ್ಲಿ ಸಿಕ್ಕೀತು.