ಬೆಳೆ ತೂಗುವವರು ತಮ್ಮನ್ನೂ ತೂಗಿಕೊಳ್ಳಲಿ

ನವರಾತ್ರಿಯಿಂದ ತುಳಸಿಪೂಜೆಯವರೆಗೆ ನಮ್ಮ ಮನೆಗಳಲ್ಲಿ ಬಾಣಲೆ ಒಲೆಯಿಂದ ಇಳಿಯುವುದು ಅಪರೂಪ. ಹೋಳಿಗೆ, ಕಜ್ಜಾಯ, ಚಕ್ಕುಲಿ, ಪಾಯಸ ಒಂದರ ಹಿಂದೆ ಒಂದು ಬರುತ್ತವೆ. ಹಬ್ಬದ ದಿನ ಹೋಳಿಗೆ ತಿನ್ನಬೇಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ಹೇಳಿದರೆ ಕೇಳುವವರೂ ಇಲ್ಲ. ತೂಕ ಏರುವುದು ಹಬ್ಬದ ಒಂದು ಊಟದಿಂದಲ್ಲ. ಡಬ್ಬಿಯಲ್ಲಿ ಉಳಿದ ತಿಂಡಿ ವಾರಗಟ್ಟಲೆ ನಡೆಯುತ್ತದೆ, ಹೋದ ಮನೆಯಲ್ಲೆಲ್ಲ ಸಕ್ಕರೆ ಹಾಕಿದ ಕಾಫಿ ಸಿಗುತ್ತದೆ. ಏರಿಕೆಗೆ ಕಾರಣ ಇವು.

ಇಂತಹ ಏರಿಕೆ ಸಣ್ಣದು, ಆದರೆ ಇಳಿಯುವುದಿಲ್ಲ. ಅಮೆರಿಕದಲ್ಲಿ 195 ವಯಸ್ಕರನ್ನು ತೂಗಿ ನೋಡಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಅಲ್ಲಿನ ವರ್ಷಾಂತ್ಯದ ಹಬ್ಬಗಳ ಅವಧಿಯಲ್ಲಿ ಅವರ ತೂಕ ಸರಾಸರಿ 370 ಗ್ರಾಂ ಹೆಚ್ಚಿತ್ತು, ಮುಂದಿನ ತಿಂಗಳುಗಳಲ್ಲಿ ಅದು ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ಇದೇ ಲೆಕ್ಕದಲ್ಲಿ ಹತ್ತು ವರ್ಷ ಕಳೆದರೆ ಮೂರೂವರೆ ಕಿಲೋಗೂ ಹೆಚ್ಚು.

"ತೋಟದ ಕೆಲಸ ಮಾಡುವವರಿಗೆ ಇದು ಕರಗಿಹೋಗುತ್ತದೆ" ಎನ್ನುವವರಿದ್ದಾರೆ. ಸ್ವತಃ ಕತ್ತಿ, ಗುದ್ದಲಿ ಹಿಡಿಯುವವರ ಮಟ್ಟಿಗೆ ಇದು ಸರಿಯಿರಬಹುದು. ಆದರೆ ನಮ್ಮಲ್ಲಿ ಅನೇಕರ ದಿನಚರಿ ಬದಲಾಗಿದೆ. ಕಳೆ ಕತ್ತರಿಸಲು ಯಂತ್ರ ಬಂದಿದೆ, ಕೊನೆ ಇಳಿಸಲು ಆಳು ಬರುತ್ತಾನೆ, ತೋಟದ ಗೇಟಿನವರೆಗೆ ಬೈಕು ಅಥವಾ ಜೀಪು ಹೋಗುತ್ತದೆ. ಕೆಲಸ ಕಡಿಮೆಯಾದರೂ ಎಲೆಯ ಮೇಲಿನ ಬಡಿಸಾಟ ತಂದೆಯವರ ಕಾಲದಷ್ಟೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದರು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಅಗತ್ಯ.

ಹಾಗಾದರೆ ಮಾಡಬೇಕಾದುದೇನು? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ 272 ಜನರ ಮೇಲೆ ಕ್ರಿಸ್‌ಮಸ್ ಸಮಯದಲ್ಲಿ ನಡೆದ ಪ್ರಯೋಗದ ಫಲ 2018ರಲ್ಲಿ ಹೊರಬಂತು. ಒಂದು ಗುಂಪಿನವರಿಗೆ ವಾರಕ್ಕೆ ಕನಿಷ್ಠ ಎರಡು ಸಲ ತೂಕ ನೋಡಿ ಬರೆದಿಡುವಂತೆ ಹೇಳಿ, ಆಹಾರದ ಬಗ್ಗೆ ಕೆಲವು ಸರಳ ಸಲಹೆ ಕೊಟ್ಟರು. ಇನ್ನೊಂದು ಗುಂಪಿಗೆ ಆರೋಗ್ಯದ ಕರಪತ್ರ ಮಾತ್ರ. ಮೊದಲ ಗುಂಪಿನ ತೂಕ ಸರಾಸರಿ 130 ಗ್ರಾಂ ಇಳಿಯಿತು, ಎರಡನೆಯದರದು 370 ಗ್ರಾಂ ಏರಿತು.

ಬೆಳೆಗಾರರಾದ ನಮಗೆ ತೂಗುವುದು ಹೊಸ ವಿದ್ಯೆಯಲ್ಲ. ಚಾಲಿ ಅಡಿಕೆಯಲ್ಲಿ ಒಂದು ಕಿಲೋ ಕಡಿಮೆ ಬಂದರೆ ಅಲ್ಲೇ ನಿಂತು ಲೆಕ್ಕ ಕೇಳುತ್ತೇವೆ. ಮೈಯಲ್ಲಿ ಮೂರು ಕಿಲೋ ಹೆಚ್ಚಾದುದು ಮಾತ್ರ ಅಂಗಿಯ ಗುಂಡಿ ಹೇಳುವವರೆಗೆ ತಿಳಿಯುವುದಿಲ್ಲ. ಕಾಫಿ ಮೂಟೆ ತೂಗುವ ಯಂತ್ರ ಮನೆಯಲ್ಲಿದ್ದರೆ ಅದೇ ಸಾಕು. ವಾರಕ್ಕೆರಡು ಬೆಳಿಗ್ಗೆ, ತಿಂಡಿಗೆ ಮೊದಲು, ಅದರ ಮೇಲೆ ನಿಂತು ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಏರಿದ್ದು ಕಂಡರೆ ಎರಡು ದಿನ ಊಟ ಹಗುರ ಮಾಡಿ, ತೋಟಕ್ಕೆ ನಡೆದು ಹೋಗಿ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಸಕ್ಕರೆಯ ಲೆಕ್ಕವೂ ತಿಳಿದಿರಲಿ. ಲೋಟಕ್ಕೆ ಎರಡು ಚಮಚದಂತೆ, ಅಂದರೆ ಸುಮಾರು 10 ಗ್ರಾಂ, ದಿನಕ್ಕೆ ಆರು ಕಾಫಿ ಕುಡಿದರೆ 60 ಗ್ರಾಂ ಸಕ್ಕರೆ. 2,000 ಕ್ಯಾಲರಿ ಆಹಾರ ಸಾಕಾಗುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ ಸುಮಾರು 50 ಗ್ರಾಂ. ಹೋಳಿಗೆ ಇನ್ನೂ ಎಲೆಗೆ ಬಿದ್ದಿಲ್ಲ! ಕಾಫಿ ಬೆಳೆಯುವ ನಾವು ಕಾಫಿಯ ರುಚಿಯನ್ನೇ ಅರಿತು ಸಕ್ಕರೆ ಅರ್ಧಕ್ಕೆ ಇಳಿಸಬಹುದು.

ಮನೆ ಯಜಮಾನರಲ್ಲಿ ಒಂದು ವಿನಂತಿ: ಬೇಡವೆಂದ ಅತಿಥಿಯ ಎಲೆಗೆ ಬಲವಂತವಾಗಿ ಬಡಿಸಬೇಡಿ. ಸಂಘದ ಆಡಳಿತ ಮಂಡಳಿಗೂ ಒಂದು ಸಲಹೆ: ಖರೀದಿ ಕೇಂದ್ರಗಳಲ್ಲಿ ಸದಸ್ಯರಿಗಾಗಿಯೇ ಒಂದು ತೂಕದ ಯಂತ್ರವಿಡಲಿ. ಅಡಿಕೆಯ ಚೀಟಿಯ ಜೊತೆಗೆ ತಮ್ಮ ತೂಕದ ಅಂಕಿಯನ್ನೂ ಸದಸ್ಯರು ಮನೆಗೆ ಒಯ್ಯುವಂತಾಗಲಿ.